ನಮ್ಮ ಹಿತ್ತಲಿನ ಏಕೀಕರಣ

ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಇರಲೇಬೇಕು ಎಂಬುದು ನನ್ನ ನಂಬಿಕೆ. ಯಾವ ಹುಚ್ಚೂ ಇಲ್ಲದವರ ಜೊತೆ ಅರ್ಧ ತಾಸು ಕುಳಿತು ನೋಡಿ. ಮಳೆಯ ಸುದ್ದಿ ಮುಗಿಯುತ್ತದೆ, ಹತ್ತಿಯ ಧಾರಣೆಯ ಸುದ್ದಿ ಮುಗಿಯುತ್ತದೆ, ಆಮೇಲೆ ಇಬ್ಬರೂ ಗೋಡೆ ನೋಡುತ್ತ ಕೂಡಬೇಕಾಗುತ್ತದೆ. ಕೆಲವರಿಗೆ ನಾಟಕದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು, ನಮ್ಮ ಕಚೇರಿಯ ಕಾರಕೂನರೊಬ್ಬರಿಗೆ ತಮ್ಮ ಹೊಟ್ಟೆನೋವನ್ನು ವರ್ಣಿಸುವ ಹುಚ್ಚು. ಇವೆಲ್ಲವುಗಳ ನಡುವೆ ನನ್ನದು ತೀರ ಸಾತ್ವಿಕವಾದದ್ದು. ಹಿತ್ತಲಲ್ಲಿ ಹಣ್ಣಿನ ಗಿಡ ಹಚ್ಚುವುದು, ಅಷ್ಟೆ. ಇದರಿಂದ ನಿದ್ದೆ ಕೆಡುವುದಿಲ್ಲ, ಮರ್ಯಾದೆ ಹೋಗುವುದಿಲ್ಲ, ಯಾರ ಮನಸ್ಸಿಗೂ ನೋವಾಗುವುದಿಲ್ಲ ಎಂದು ಬಹಳ ವರ್ಷ ತಿಳಿದುಕೊಂಡಿದ್ದೆ. ನನ್ನ ಹೆಂಡತಿ ನೀಲವ್ವನ ಅಭಿಪ್ರಾಯ ಬೇರೆಯಾಗಿತ್ತು. ಆದರೆ ಆಕೆ ಅದನ್ನು ಹೇಳಿದಾಗಲೆಲ್ಲ ನಾನು ಗಿಡಕ್ಕೆ ನೀರು ಹಾಕುತ್ತಿದ್ದೆ, ಕೇಳಿಸುತ್ತಿರಲಿಲ್ಲ.

ಹುಚ್ಚು ಹತ್ತಿದ್ದು ನೌಕರಿಯಿಂದ. ನಾನು ಶಾಲೆಗಳ ತಪಾಸಣೆ ಮಾಡುವವನು. ಗದಗಿನ ಸುತ್ತಲಿನ ಹಳ್ಳಿಗಳ ಮಾಸ್ತರರಿಗೆಲ್ಲ ನಾನು ‘ಸಾಹೇಬ್ರು’. ಮನೆ ಬೆಟಗೇರಿಯ ಒಂದು ಓಣಿಯಲ್ಲಿ. ಓಣಿಗೆ ಕಾಲಿಟ್ಟ ಕೂಡಲೇ ಸಾಹೇಬಗಿರಿ ಮುಗಿದು, ಅಕ್ಕಪಕ್ಕದ ಮಗ್ಗಗಳ ಸದ್ದಿನಲ್ಲಿ ನಾನೂ ಒಬ್ಬ ಸಾಮಾನ್ಯ ಗಂಡನಾಗುತ್ತಿದ್ದೆ. ತಪಾಸಣೆಗೆ ಹೋದ ಊರಲ್ಲಿ ಯಾರ ಮನೆಯ ಚಹಾ ಕೂಡ ಮುಟ್ಟಬಾರದೆಂಬುದು ನನ್ನ ನೇಮ. ರೊಟ್ಟಿ ಬುತ್ತಿ ಮನೆಯಿಂದ, ನೀರು ಶಾಲೆಯ ಕೊಡದಿಂದ. ಆದರೆ ಅಂತೂರ ಬೆಂತೂರು ಎಂಬ ಹಳ್ಳಿಯ ಮಾಸ್ತರರೊಬ್ಬರು ನಾನು ಹೊರಡುವ ಹೊತ್ತಿಗೆ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ದಾಳಿಂಬೆಯ ಸಸಿಯೊಂದನ್ನು ತಂದು ಕೈಗಿಟ್ಟರು.

“ಬ್ಯಾಡ್ರಿ ಮಾಸ್ತರ, ನಾ ಏನೂ ತಗೊಳ್ಳಂಗಿಲ್ಲ” ಎಂದೆ.

“ಸಾಹೇಬ್ರ, ಇದು ತಿನ್ನೂದಲ್ರಿ, ಹಚ್ಚೂದು” ಎಂದರು ಅವರು.

ನನ್ನ ನೇಮದಲ್ಲಿ ತಿನ್ನುವುದರ ಬಗ್ಗೆ ಇತ್ತೇ ಹೊರತು ಹಚ್ಚುವುದರ ಬಗ್ಗೆ ಏನೂ ಇರಲಿಲ್ಲ. ತಂದೆ, ಹಚ್ಚಿದೆ. ಎಂಟು ಹತ್ತು ದಿನಗಳಲ್ಲಿ ಅದು ಕೆಂಪಗೆ ಎರಡು ಎಲೆ ಬಿಟ್ಟಿತು. ಅಲ್ಲಿಯವರೆಗೆ ನನ್ನ ಜೀವಮಾನದಲ್ಲಿ ನನ್ನ ಮಾತು ಕೇಳಿ ಯಾವುದೂ ಬೆಳೆದದ್ದನ್ನು ನಾನು ಕಂಡಿರಲಿಲ್ಲ. ಆ ಎರಡು ಎಲೆಗಳನ್ನು ನೋಡುತ್ತ ನಿಂತವನಿಗೆ ಕಚೇರಿಗೆ ಹೊತ್ತಾದದ್ದು ತಿಳಿಯಲಿಲ್ಲ.

ಮಾಸ್ತರರ ಲೋಕದಲ್ಲಿ ಸುದ್ದಿ ಹರಡುವುದಕ್ಕೆ ತಂತಿ ಟಪಾಲು ಬೇಕಿಲ್ಲ. ಸಾಹೇಬರಿಗೆ ಗಿಡದ ಹುಚ್ಚು ಎಂಬುದು ಒಂದು ಮಳೆಗಾಲದೊಳಗೆ ಎಲ್ಲ ಶಾಲೆಗಳಿಗೂ ಮುಟ್ಟಿತು. ಕಣಗಿನಹಾಳದಿಂದ ಲಿಂಬೆ ಬಂತು, ಮುಂಡರಗಿಯಿಂದ ಸೀತಾಫಲ ಬಂತು. ಒಂದೂರಿನ ಎರಡನೆಯ ಇಯತ್ತೆಯ ಹುಡುಗರಿಗೆ ಏಳರ ಮಗ್ಗಿ ಹೇಳಿರೆಂದರೆ ಛತ್ತು ನೋಡಿದರು. ಹಣ್ಣಿನ ಗಿಡದ ಉಪಯೋಗವೇನು ಎಂದೊಡನೆ ಇಡೀ ವರ್ಗ ಒಂದೇ ಉಸಿರಿಗೆ ಗಟ್ಟಿಯಾಗಿ ಒದರಿತು. ಮಾಸ್ತರರು ಅದೊಂದನ್ನೇ ತಿಂಗಳಿಂದ ಕಲಿಸಿದ್ದರೆಂದು ಕಾಣುತ್ತದೆ. ನಾನು ಸಿಟ್ಟಾಗಬೇಕಿತ್ತು. ಆದರೆ ಉತ್ತರ ಅಷ್ಟು ಚೆನ್ನಾಗಿತ್ತು, ಏನು ಮಾಡಲಿ?

ಬಸ್ಸಿನಲ್ಲಿ ಸಸಿ ತರುವುದು ಒಂದು ದೊಡ್ಡ ವಿದ್ಯೆ. ಮೇಲಿಟ್ಟರೆ ಬಿಸಿಲಿಗೆ ಬಾಡುತ್ತದೆ, ಕೆಳಗಿಟ್ಟರೆ ಕಾಲಿಗೆ ಸಿಗುತ್ತದೆ. ತೊಡೆಯ ಮೇಲೆಯೇ ಇಟ್ಟುಕೊಳ್ಳಬೇಕು. ಶಿರಹಟ್ಟಿಯ ಮಾಸ್ತರರು ಕೊಟ್ಟ ಪೇರಲ ಸಸಿಯನ್ನು ಹಾಗೆ ಎದೆಗೊತ್ತಿಕೊಂಡು ಬರುತ್ತಿದ್ದಾಗ, ಪಕ್ಕದಲ್ಲಿ ಕೂಸು ಕಟ್ಟಿಕೊಂಡು ಕುಳಿತಿದ್ದ ಹೆಂಗಸು ಬಹಳ ಹೊತ್ತು ನನ್ನನ್ನು ನೋಡಿ, “ಅಣ್ಣಾರ, ಇದನ್ನ ಇಷ್ಟ ಛಂದ ಹಿಡಕೊಂಡೀರಿ, ಈ ಕೂಸನ್ನೂ ಚೂರು ಹಿಡಕೊಳ್ರಿ, ನಾ ಸೀರಿ ಸರಿ ಮಾಡಿಕೋತೀನಿ” ಎಂದಳು. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಪೇರಲ. ಕೂಸು ಎಲೆ ಕಿತ್ತಿತು. ನಾನು ಕೂಸನ್ನು ನೋಡಿದ ರೀತಿಗೆ ಅದರ ತಾಯಿ ತಕ್ಷಣ ಅದನ್ನು ಹಿಂದಕ್ಕೆ ತೆಗೆದುಕೊಂಡಳು.

ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ಕರ್ನಾಟಕ ಒಂದಾಗಬೇಕು. ಸ್ವಾತಂತ್ರ್ಯ ಬರುವ ಮೊದಲು ನಮ್ಮ ಗದಗು ಮುಂಬಯಿ ಸರಕಾರದ್ದು, ಮಗ್ಗುಲಲ್ಲೇ ಇದ್ದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ಎತ್ತಿನ ಗಾಡಿ ಒಂದು ದಿನದಲ್ಲಿ ಮೂರು ರಾಜ್ಯ ದಾಟಿ ಬರುತ್ತಿತ್ತು. ಸಂಸ್ಥಾನಗಳು ಹೋದ ಮೇಲೆ ಆ ಊರುಗಳ ಶಾಲೆಗಳೂ ನಮ್ಮ ತಪಾಸಣೆಗೆ ಬಂದವು, ಶಾಲೆಗಳ ಜೊತೆ ಸಸಿಗಳೂ ಬಂದವು. ಲಕ್ಷ್ಮೇಶ್ವರದ ಮಾವು, ಶಿರಹಟ್ಟಿಯ ಪೇರಲ, ಮುಂಡರಗಿಯ ಸೀತಾಫಲ ಒಂದೇ ಹಿತ್ತಲಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತದ್ದನ್ನು ನೋಡಿ ನನಗೆ ಎದೆಯುಬ್ಬಿ ಬರುತ್ತಿತ್ತು.

“ನೋಡು, ದಿಲ್ಲಿಯವರು ಇನ್ನೂ ವಿಚಾರ ಮಾಡಾಕತ್ತಾರ. ನಮ್ಮ ಹಿತ್ತಲದಾಗ ಏಕೀಕರಣ ಆಗೇಬಿಟ್ಟೈತಿ” ಎಂದೆ ಒಂದು ದಿನ ನೀಲವ್ವನಿಗೆ.

ಆಕೆ ಒಗೆದ ಬಟ್ಟೆಯ ಬುಟ್ಟಿ ಹಿಡಿದುಕೊಂಡು, ಹಗ್ಗ ಎಲ್ಲಿ ಕಟ್ಟಲಿ ಎಂದು ಅತ್ತಿತ್ತ ನೋಡುತ್ತಿದ್ದಳು. “ಆಗಲಿ ಬಿಡ್ರಿ, ಕರ್ನಾಟಕ ಒಂದಾಗಲಿ. ಅದಕ್ಕ ನನ್ನ ಹಿತ್ತಲಾನ ಬೇಕಾಗಿತ್ತೇನು?” ಎಂದಳು.

ಇನ್ನು ನೀರಿನ ಸಂಗತಿ. ಬೆಟಗೇರಿಯ ಬಾವಿಗಳ ನೀರಿನ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು. ಬೇಸಿಗೆಯಲ್ಲಿ ಅದು ಸಿಗುವುದೂ ಕಷ್ಟ, ಸಿಕ್ಕರೆ ಕುಡಿಯುವುದೂ ಕಷ್ಟ. ಗಿಡಕ್ಕೆಂದು ಸೇದಿದರೆ ಓಣಿಯವರು ಸುಮ್ಮನಿರುತ್ತಾರೆಯೇ? ನಾನು ಬಚ್ಚಲಿನ ನೀರು ಗಿಡಗಳ ಬುಡಕ್ಕೆ ಹರಿಯುವಂತೆ ಒಂದು ಕಾಲುವೆ ತೋಡಿದೆ. ಅಂದಿನಿಂದ ಮನೆಯಲ್ಲಿ ಯಾರು ಎಷ್ಟು ಸ್ನಾನ ಮಾಡುತ್ತಾರೆಂಬುದು ನನ್ನ ಮುಖ್ಯ ಚಿಂತೆಯಾಯಿತು. ಎರಡೇ ಜೀವದ ಸ್ನಾನದಿಂದ ಇಡೀ ತೋಟಕ್ಕೆ ಏನಾದೀತು? ಅದಕ್ಕೆ ನೆಂಟರನ್ನು ಕರೆಯತೊಡಗಿದೆ. ಮೊದಲೆಲ್ಲ ನೆಂಟರೆಂದರೆ ಮುಖ ಗಂಟಿಕ್ಕುತ್ತಿದ್ದ ನಾನು ಈಗ ‘ನಾಲ್ಕು ದಿನ ಇದ್ದು ಹೋಗ್ರಿ’ ಎನ್ನುವುದನ್ನು ಕೇಳಿ ಅವರಿಗೇ ಗಾಬರಿ. ಅಡಿಗೆಯ ಕಷ್ಟ ನೀಲವ್ವನದು, ಬಚ್ಚಲಿನ ಲಾಭ ಪೇರಲದ್ದು.

ಲಕ್ಷ್ಮೇಶ್ವರದ ನನ್ನ ಸೋದರಮಾವ ಗುರಪ್ಪನನ್ನೂ ಹೀಗೆಯೇ ಕರೆಸಿಕೊಂಡೆ. ಆತನದು ಕಾಗೆ ಸ್ನಾನ ಎಂಬುದು ನನಗೆ ಮರೆತುಹೋಗಿತ್ತು. ಒಳಗೆ ಹೋದ ಮಾವ ಎರಡು ತಂಬಿಗೆ ಸುರಿದುಕೊಂಡು ‘ಶಿವಾ’ ಎಂದು ಹೊರಗೆ ಬರುತ್ತಿದ್ದ. ಕಾಲುವೆಯ ಬಾಯಿ ಕೂಡ ತೊಯ್ಯುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಬಚ್ಚಲಿನ ಬಾಗಿಲ ಹೊರಗೆ ನಿಂತು ಹೇಳಿದೆ, “ಮಾವಾ, ಹಂಡೇದಾಗ ನೀರು ಭಾಳ ಐತಿ, ಇನ್ನೊಂದು ನಾಲ್ಕು ತಂಬಿಗಿ ಹಾಕ್ಕೊ.”

“ಸಾಕಲೇ ಅಳಿಯಾ, ಆತು.”

“ಬೆನ್ನಿಗೆ ಹಾಕ್ಕೊಂಡ್ಯೇನು?”

“ನಾ ಏನ್ ಎಮ್ಮಿ ಏನಲೇ?” ಎಂದ ಮಾವ. ಮರುದಿನವೇ ಗಂಟು ಕಟ್ಟಿಕೊಂಡು ಹೊರಟ. ‘ಅಳಿಯನ ಮನೆಯಲ್ಲಿ ನನ್ನ ಮೈ ನಾರುತ್ತದೆ ಅಂದರು’ ಎಂದು ಲಕ್ಷ್ಮೇಶ್ವರದ ತುಂಬ ಹೇಳಿಕೊಂಡು ತಿರುಗಿದನಂತೆ. ಆತನನ್ನು ಸಮಾಧಾನ ಮಾಡಲು ನಾನೇ ಹೋಗಬೇಕಾಯಿತು. ಹೋದವನು ಬರುವಾಗ ಅಲ್ಲಿಂದ ಒಂದು ಅಂಜೂರ ತಂದೆ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ನನ್ನ ಕಡೆಯ ಕಥೆ. ಈಗ ನೀಲವ್ವನ ಕಡೆಯದನ್ನೂ ಹೇಳಬೇಕು. ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮುಂಜಾನೆಯಿಂದ ಸಂಜೆಯವರೆಗೆ ಬಿಸಿಲು ಬೀಳುವ ಹಿತ್ತಲು ನಮ್ಮದೊಂದೇ ಆಗಿತ್ತು. ಯುಗಾದಿ ದಾಟಿತೆಂದರೆ ಓಣಿಯ ಹೆಂಗಸರೆಲ್ಲ ಅಲ್ಲಿಗೆ ಬರುತ್ತಿದ್ದರು. ಹಪ್ಪಳ, ಸಂಡಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಶ್ಯಾವಿಗೆ. ಉದ್ದನೆಯ ಮಣೆಯನ್ನು ಓರೆಯಾಗಿ ಇಟ್ಟು, ಒಬ್ಬಳು ಅದರ ಮೇಲೆ ಕುಳಿತು ಹಿಟ್ಟನ್ನು ಹೊಸೆಯುತ್ತ ಎಳೆ ಬಿಟ್ಟರೆ, ಇನ್ನೊಬ್ಬಳು ಕೆಳಗೆ ಅದನ್ನು ಹಿಡಿದು ಕೋಲಿನ ಮೇಲೆ ಹಾಕಿ ಬಿಸಿಲಿಗೆ ಒಣಗಿಸಬೇಕು. ಎಳೆ ಹರಿಯಬಾರದು, ಮಾತೂ ಹರಿಯಬಾರದು. ಯಾರ ಮಗಳಿಗೆ ವರ ಗೊತ್ತಾಯಿತು, ಯಾರ ಅತ್ತೆಗೆ ಬಾಯಿ ಹೆಚ್ಚಾಯಿತು, ಎಲ್ಲ ಅಲ್ಲಿಯೇ ತೀರ್ಮಾನ. ಪಕ್ಕದ ಮನೆಯ ಹುಸೇನಬಿಯಷ್ಟು ಸಣ್ಣಗೆ ಹೊಸೆಯುವವರು ಓಣಿಯಲ್ಲಿಲ್ಲ. ಆಕೆ ಹೊಸೆದದ್ದಕ್ಕೂ ‘ಇದು ದಪ್ಪಾತು’ ಎನ್ನುವ ಧೈರ್ಯ ನೀಲವ್ವನೊಬ್ಬಳಿಗೇ ಇತ್ತು. ನನಗೆ ನಾಲ್ಕು ತಾಲೂಕುಗಳ ಶಾಲೆಗಳ ಮೇಲೆ ಇರುವ ಅಧಿಕಾರಕ್ಕಿಂತ ಆಕೆಗೆ ಆ ಹಿತ್ತಲಿನಲ್ಲಿದ್ದ ಅಧಿಕಾರ ದೊಡ್ಡದು. ನಮಗೆ ಮಕ್ಕಳಿಲ್ಲ. ವರ್ಷದಲ್ಲಿ ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಮಂದಿಯ ಸದ್ದು ಇರುತ್ತಿತ್ತು.

ಶಿರಹಟ್ಟಿಯ ಪೇರಲವನ್ನು ನಾನು ಸರಿಯಾಗಿ ಆ ಬಿಸಿಲಿನ ನಡುವೆ ಹಚ್ಚಿದ್ದೆ. ಗಿಡಕ್ಕೆ ಬಿಸಿಲು ಬೇಕು ಎಂದು ನನಗೆ ಗೊತ್ತಿತ್ತು. ಶ್ಯಾವಿಗೆಗೂ ಬೇಕು ಎಂಬುದು ಹೊಳೆಯಲಿಲ್ಲ. ಉಳಿದ ಗಿಡಗಳು ಗೋಡೆಯ ಪಕ್ಕಕ್ಕೆ ಒತ್ತಿಕೊಂಡು ಬಡಪಾಯಿಗಳ ಹಾಗೆ ಬೆಳೆಯುತ್ತಿದ್ದರೆ, ಇದು ಮಾತ್ರ ಯಾವ ಮುಲಾಜೂ ಇಲ್ಲದೆ ಕೈಕಾಲು ಚಾಚಿ ಛತ್ರಿಯಂತಾಯಿತು. ಒಂದು ಬೇಸಿಗೆ ಹೆಂಗಸರು ಬಿಸಿಲಿನ ಹಿಂದೆ ಮಣೆ ಸರಿಸುತ್ತ ಸರಿಸುತ್ತ ಹಿತ್ತಲೆಲ್ಲ ತಿರುಗಿದರು. ಮರುವರ್ಷ ಶ್ಯಾವಿಗೆ ಸರಿಯಾಗಿ ಒಣಗದೆ ಡಬ್ಬಿಯಲ್ಲಿಯೇ ಮುಗ್ಗು ಹಿಡಿಯಿತು. ಅದರ ಮುಂದಿನ ವರ್ಷ ಯುಗಾದಿ ಮುಗಿದು ಎಷ್ಟು ದಿನವಾದರೂ ಯಾರೂ ಬರಲಿಲ್ಲ.

“ಈ ಸಲ ಶ್ಯಾವಿಗಿ ಇಲ್ಲೇನು?” ಎಂದು ಕೇಳಿದೆ.

“ಐತಿ. ಹುಸೇನಬಿ ಮಾಳಿಗಿ ಮ್ಯಾಲ ನಡದೈತಿ” ಎಂದಳು ನೀಲವ್ವ.

“ಮತ್ತ ನೀ ಹೋಗೂದಿಲ್ಲೇನು?”

“ನಿಚ್ಚಣಿಕಿ ಹತ್ತಬೇಕಲ್ರೀ” ಎಂದು ಮೊಣಕಾಲು ಮುಟ್ಟಿ ತೋರಿಸಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು, ವಾದ ಮಾಡಬಹುದಿತ್ತು.

ಅದೇ ವರ್ಷ ಪೇರಲ ಮೊದಲ ಸಲ ಕಾಯಿ ಹಿಡಿಯಿತು. ನಾನು ದಿನವೂ ಮುಂಜಾನೆ ಎದ್ದು ನೋಡುವುದು, ‘ಇನ್ನು ಎರಡು ದಿನ ಬಿಡಬೇಕು’ ಎಂದುಕೊಳ್ಳುವುದು, ಎರಡು ದಿನ ಬಿಟ್ಟು ನೋಡಿದರೆ ಹಣ್ಣು ಮಾಯ. ಗಿಳಿಗಳ ಕಾಟ. ಹಳೆಯ ಡಬ್ಬಿ ಕಟ್ಟಿದೆ, ನನ್ನದೇ ಹಳೆಯ ಕೋಟು ತೊಡಿಸಿ ಬೆದರುಗೊಂಬೆ ನಿಲ್ಲಿಸಿದೆ. ಗಿಳಿಗಳು ಬೆದರಲಿಲ್ಲ. ದೂರದಿಂದ ಅದನ್ನು ಕಂಡು ಸಾಹೇಬರೆಂದು ಕೈಮುಗಿದು ಹೋದವರು ಮಾತ್ರ ಇದ್ದರು.

ಒಂದು ರವಿವಾರ ಮಧ್ಯಾಹ್ನ ಪೇರಲದ ನೆರಳಲ್ಲಿ ಹೊರಸು ಹಾಕಿಕೊಂಡು ಮಲಗಿದ್ದೆ. ಗಿಡ ಹಚ್ಚಿದವನಿಗೆ ಅದರ ನೆರಳಲ್ಲಿ ಮಲಗುವುದಕ್ಕಿಂತ ದೊಡ್ಡ ಸುಖವಿಲ್ಲ. ಮೇಲೆ ಹುಸೇನಬಿಯ ಮಾಳಿಗೆಯಲ್ಲಿ ಹೆಂಗಸರು ಏನೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಕಣ್ಣು ತೆರೆದು ನೋಡಿದರೆ ನೀಲವ್ವ ಹಿತ್ತಲ ಬಾಗಿಲಲ್ಲಿ ಕಾಳು ಹಸನು ಮಾಡುತ್ತ ಕುಳಿತಿದ್ದಳು. ಮೇಲಿನ ಮಾತು ಆಕೆಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಕೇಳಿಸುತ್ತಿರಲಿಲ್ಲ. ಎಲ್ಲರೂ ನಕ್ಕಾಗ ಆಕೆಯೂ ಒಂದು ಗಳಿಗೆ ತಡವಾಗಿ, ಯಾತಕ್ಕೆಂದು ತಿಳಿಯದೆ, ತನ್ನಷ್ಟಕ್ಕೆ ಸಣ್ಣಗೆ ನಕ್ಕಳು. ನನಗೆ ಬಹಳ ಕೆಟ್ಟದೆನಿಸಿತು. ಮತ್ತೆ ನಿದ್ದೆ ಬರಲಿಲ್ಲ. ಮೂರು ರಾಜ್ಯಗಳನ್ನು ಒಂದು ಮಾಡಲು ಹೋಗಿ ನಾನು ಒಂದು ಓಣಿಯಿಂದ ನನ್ನ ಹೆಂಡತಿಯನ್ನೇ ಬೇರೆ ಮಾಡಿಬಿಟ್ಟಿದ್ದೆ.

ಆದದ್ದಾಗಲಿ ಎಂದು ನಿಶ್ಚಯಿಸಿ ಮರುದಿನ ಮುಂಜಾನೆ ಕೊಡಲಿ ಕೇಳಿ ತಂದೆ. ಖರೆ ಹೇಳುತ್ತೇನೆ, ನೀಲವ್ವ ತಡೆಯುತ್ತಾಳೆಂಬ ಭರವಸೆ ನನಗಿತ್ತು. ಗಂಡ ಪ್ರೀತಿಯಿಂದ ಬೆಳೆಸಿದ ಗಿಡ, ಅದೂ ಫಲ ಕೊಡುತ್ತಿರುವ ಗಿಡ. ಓಡಿಬಂದು ಕೈಹಿಡಿದು ‘ಬ್ಯಾಡ್ರಿ, ಪಾಪ, ಇರಲಿ’ ಎನ್ನುವಳು. ನಾನು ‘ಇಲ್ಲ, ನಿನಗಿಂತ ಗಿಡ ಹೆಚ್ಚಲ್ಲ’ ಎನ್ನುವೆನು. ಕೊನೆಗೆ ಒಂದೆರಡು ಟೊಂಗೆ ಸವರಿದರೆ ಸಾಕು ಎಂದು ಇಬ್ಬರೂ ಒಪ್ಪುವೆವು. ಹೀಗೆಲ್ಲ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಕೊಡಲಿಯನ್ನು ಕಲ್ಲಿಗೆ ಹಚ್ಚಿ ಜೋರಾಗಿ ಮಸೆದೆ. ಕೆಮ್ಮಿದೆ. ಧೋತರದ ಕಚ್ಚೆ ಎರಡು ಸಲ ಬಿಗಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. ಇನ್ನು ಎತ್ತದೆ ಗತಿಯಿಲ್ಲವೆಂದು ಕೊಡಲಿ ಎತ್ತಿದಾಗ ಸಪ್ಪಳ ನಿಂತಿತು. ನೀಲವ್ವ ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದಳು. ನಾನು ಕೊಡಲಿಯನ್ನು ಮೇಲೆ ಹಿಡಿದುಕೊಂಡೇ ಕಾದೆ.

“ಅಲ್ಲೆ ಅಲ್ರೀ” ಎಂದಳು. “ಇನ್ನೂ ಕೆಳಗ ಹೊಡೀರಿ. ಅಷ್ಟು ಮ್ಯಾಲ ಬಿಟ್ರ ಮಳಿಗಾಲದಾಗ ಮತ್ತ ಚಿಗಿತೈತಿ.”

ಹೇಳಿ ಒಳಗೆ ಹೋದಳು, ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಾನು ಆಕೆ ಹೇಳಿದ ಜಾಗಕ್ಕೇ ಹೊಡೆದೆ. ಪೇರಲದ ಕಟ್ಟಿಗೆ ಬಲು ಗಟ್ಟಿ, ಮಧ್ಯಾಹ್ನದವರೆಗೆ ಕಡಿಯಬೇಕಾಯಿತು. ಬಿದ್ದಾಗ ಹಿತ್ತಲಿಗೆ ಒಮ್ಮೆಲೇ ಇಷ್ಟೊಂದು ಬೆಳಕು ಬಂತಲ್ಲ, ಅದನ್ನು ನೋಡಿ ನಾನೇ ಕಣ್ಣು ಮುಚ್ಚಿಕೊಂಡೆ. ಆಮೇಲೆ ಎಷ್ಟೋ ದಿನ ಆ ಕಡೆ ನೋಡುವುದನ್ನು ಬಿಟ್ಟೆ. ನವೆಂಬರಿನಲ್ಲಿ ರಾಜ್ಯ ಒಂದಾಯಿತು, ಓಣಿಯಲ್ಲಿ ಸಕ್ಕರೆ ಹಂಚಿದರು, ನಾನೂ ಹಂಚಿದೆ. ಮನಸ್ಸಿನೊಳಗೆ ಮಾತ್ರ ನಮ್ಮ ಹಿತ್ತಲಿನ ಶಿರಹಟ್ಟಿ ಬಿಟ್ಟುಹೋಯಿತಲ್ಲ ಎಂಬ ಸಣ್ಣ ಬೇಜಾರು.

ಮುಂದಿನ ಯುಗಾದಿ ಆದ ವಾರದಲ್ಲೇ ಮಣೆ ಬಂತು, ಕೋಲು ಬಂದವು, ಹುಸೇನಬಿಯ ಹಿಂದೆ ಇಡೀ ಓಣಿ ಬಂತು. ನಾನು ಅಂದು ರಜೆ ಹಾಕಿ ಪಡಸಾಲೆಯಲ್ಲಿ ಕುಳಿತಿದ್ದೆ. ಹಿತ್ತಲಿನಿಂದ ನೀಲವ್ವನ ಧ್ವನಿ ಕೇಳಿಸಿತು: “ಹುಸೇನಬಿ, ಇದು ದಪ್ಪಾತು ನೋಡವಾ, ಇದೇನು ಶ್ಯಾವಿಗಿಯೋ ಬಾವಿ ಹಗ್ಗಾನೋ?” ಎಲ್ಲರೂ ನಕ್ಕರು. ಈ ಸಲ ಆಕೆ ತಡವಾಗಿ ನಗಲಿಲ್ಲ, ಎಲ್ಲರಿಗಿಂತ ಮೊದಲೇ ನಕ್ಕಳು. ಆ ನಗೆ ಕೇಳಿ ನನಗಾದ ಸಂತೋಷಕ್ಕೆ ಒಂದು ಪೇರಲ ಗಿಡ ಹೆಚ್ಚಿನ ಬೆಲೆಯೇನೂ ಅಲ್ಲ ಎನಿಸಿತು.

ಆ ಸಂತೋಷದಲ್ಲಿ ಹಿತ್ತಲಿಗೆ ಹೋಗಿ ನಿಂತೆ. ಹುಸೇನಬಿ ಕೈ ನಿಲ್ಲಿಸದೆಯೇ, “ಸಾಹೇಬ್ರ, ಏನ ಅನ್ರಿ, ನಿಮ್ಮ ಪ್ಯಾರಲ ಹಣ್ಣಿನ ರುಚಿ ಇನ್ನೂ ಬಾಯಾಗ ಐತಿ” ಎಂದಳು.

“ಯಾವ ಹಣ್ಣು? ಒಂದೂ ಬಿಡದಂಗ ಗಿಳಿ ತಿಂದುಹೋದುವಲ್ಲ?”

ಹುಸೇನಬಿ ಸೆರಗು ಬಾಯಿಗೆ ಹಚ್ಚಿಕೊಂಡು, “ಆ ಗಿಳಿ ನಾವ ರೀ” ಎಂದಳು. “ಟೊಂಗಿ ಸೀದಾ ನಮ್ಮ ಮಾಳಿಗಿ ಮ್ಯಾಲ ಬಂದಿತ್ತು. ನೀಲವ್ವಕ್ಕಾಗೂ ಬುಟ್ಟಿಗೆ ಹಗ್ಗಾ ಕಟ್ಟಿ ಕೆಳಗ ಬಿಡ್ತಿದ್ವಿ.”

ನಾನು ನೀಲವ್ವನ ಮುಖ ನೋಡಿದೆ. ಆಕೆ ಎಳೆಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಹಣ್ಣು ಹೆಂಗಿದ್ವು?” ಎಂದು ಕೇಳಿದೆ.

“ಸಕ್ಕರಿ ಆಗಿದ್ವು” ಎಂದಳು.

“ಮತ್ತ ಬುಡಕ್ಕ ಹೊಡೀರಿ ಅಂದಿ?”

“ಬುಟ್ಟಿಯೊಳಗ ಹಣ್ಣು ಇಳದು ಬರತಿದ್ವು. ಮಂದಿ ಇಳದು ಬರತಿರಲಿಲ್ಲ.”

“ನನಗೂ ಒಂದು ಕೊಡಬೇಕಾಗಿತ್ತು” ಎಂದೆ.

“ಕೊಟ್ಟಿದ್ರ ನೀವು ಗಿಡಾ ಕಡೀತಿದ್ರೇನು?” ಎಂದಳು ನೀಲವ್ವ. ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಅಂದು ಮಧ್ಯಾಹ್ನ ಹೊಸ ಶ್ಯಾವಿಗೆಯ ಪಾಯಸ ಉಣ್ಣುತ್ತ, ಮುಂದಿನ ವಾರ ಶಿರಹಟ್ಟಿಗೆ ತಪಾಸಣೆಗೆ ಹೋಗುವುದಿದೆ, ಅಲ್ಲಿಯ ಮಾಸ್ತರರ ಹಿತ್ತಲಲ್ಲಿ ಇದರ ತಾಯಿಗಿಡ ಇದೆ, ರುಚಿಯಾದರೂ ನೋಡಿ ಬರುತ್ತೇನೆ ಎಂದೆ. ನೀಲವ್ವ ನನ್ನನ್ನು ಒಂದು ಸಲ ಮೇಲಿಂದ ಕೆಳಗಿನವರೆಗೆ ನೋಡಿ, ಇನ್ನೊಂದು ಸೌಟು ಪಾಯಸ ಹಾಕಿದಳು.

“ಹಣ್ಣು ಎಷ್ಟು ಬೇಕಾದ್ರೂ ತರ್ರಿ. ಬೇರು ಇದ್ದದ್ದು ಒಂದೂ ಮನಿಯೊಳಗ ಬರಬಾರದು” ಎಂದಳು.

ಕೂಡಲೇ ಒಪ್ಪಿಕೊಂಡೆ. ಪೇರಲ ಹಣ್ಣಿನೊಳಗೆ ಬೀಜಗಳಿರುತ್ತವೆ ಎಂಬುದು ಆ ಹೊತ್ತಿಗೆ ಆಕೆಗೆ ನೆನಪಾಗಲಿಲ್ಲ, ನಾನೂ ನೆನಪು ಮಾಡಿಕೊಡಲು ಹೋಗಲಿಲ್ಲ.